ಹಳದಿ ಎಲೆ, ಚೌಕದ ಲೆಕ್ಕ: ಗ್ರೀಕರ ಶಿಕ್ಷಣವನ್ನು ಕ್ರೈಸ್ತರು ಹೇಗೆ ನೋಡಿದರು?

ಅಕ್ಕನ ಮಗಳು ಬಿ.ಎಡ್. ಓದುತ್ತಿದ್ದಾಳೆ. ರಜೆಗೆ ಅಂತ ವಿರಾಜಪೇಟೆಯ ನಮ್ಮ ಮನೆಗೆ ಬಂದವಳು ನಾಲ್ಕು ದಿನದಿಂದ ಜಗಲಿಯಲ್ಲಿ ಕೂತು ಒಂದೇ ಪುಟ ಉರು ಹೊಡೆಯುತ್ತಿದ್ದಳು. ‘ಆದರ್ಶವಾದ, ಪ್ರತಿಪಾದಕ ಪ್ಲೇಟೋ. ವಾಸ್ತವವಾದ, ಪ್ರತಿಪಾದಕ ಅರಿಸ್ಟಾಟಲ್.’ ಹೊರಗೆ ಬಿಡದ ಮಳೆ, ಒಳಗೆ ಬಿಡದ ಪ್ಲೇಟೋ. ಐದನೇ ದಿನ ತಡೆಯಲಾಗದೆ, ಇದರ ಅರ್ಥ ಏನಮ್ಮಾ ಅಂತ ಕೇಳಿದೆ. ‘ಅರ್ಥ ಪರೀಕ್ಷೆಗೆ ಬರಲ್ಲ ಮಾವ’ ಅಂದಳು.

ಆಮೇಲೆ ಅವಳೇ ಪುಸ್ತಕ ಮುಚ್ಚಿ ಒಂದು ಮಾತು ಕೇಳಿದಳು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ಅವಳು. ‘ಅಲ್ಲಿ ನಾನು ಮನುಷ್ಯ ಪಾಪಿ, ದೇವರ ಕೃಪೆ ಬೇಕು ಅಂತ ಹೇಳ್ತೀನಿ. ಇಲ್ಲಿ ಪ್ಲೇಟೋ, ತಿಳಿವಳಿಕೆ ಬಂದ್ರೆ ಸಾಕು ಮನುಷ್ಯ ಸರಿಹೋಗ್ತಾನೆ ಅಂತಾನೆ. ನಾಳೆ ಟೀಚರ್ ಆದ್ರೆ ನಾನು ಯಾವುದನ್ನ ನಂಬ್ಕೊಂಡು ಪಾಠ ಮಾಡ್ಲಿ?’

ಒಳ್ಳೆ ಪ್ರಶ್ನೆ. ಬಿ.ಎಡ್., ಟಿಇಟಿ ಅಂತ ಓದುವ ತುಂಬಾ ಜನರಿಗೆ ಈ ಹೆಸರುಗಳು ಬರೀ ‘ಹೊಂದಿಸಿ ಬರೆಯಿರಿ’ ಆಗಿ ಉಳಿದುಬಿಟ್ಟಿವೆ. ಅದಕ್ಕೇ ಅವಳಿಗೆ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕ್ರೈಸ್ತ, ನೋಡುವುದು ಅಲ್ಲಿ ನಿಂತೇ. ಆದರೆ ಪ್ಲೇಟೋ ಹೇಳಿದ್ದನ್ನು ಪ್ಲೇಟೋ ಹೇಳಿದ ಹಾಗೆಯೇ ಹೇಳಲು ನೋಡುತ್ತೇನೆ.

ಮೊದಲು ನಾಲ್ಕು ಪದ

ನಾವು ತತ್ವಶಾಸ್ತ್ರ ಅನ್ನುವುದಕ್ಕೆ ಗ್ರೀಕರು ಇಟ್ಟ ಹೆಸರು ‘ಫಿಲೋಸೋಫಿಯಾ’. ಅರ್ಥ, ವಿವೇಕದ ಮೇಲಿನ ಪ್ರೀತಿ. ಅವರಿಗೆ ಅದು ಕಾಲೇಜಿನ ಒಂದು ವಿಷಯ ಆಗಿರಲಿಲ್ಲ, ಬದುಕುವ ರೀತಿ ಆಗಿತ್ತು.

‘ಪೈದೇಯಾ’ ಅಂದರೆ ಶಿಕ್ಷಣ. ಆದರೆ ಪಾಠಪುಸ್ತಕ ಮಾತ್ರ ಅಲ್ಲ. ಹಾಡು, ಕುಸ್ತಿ, ಕವಿತೆ, ದೊಡ್ಡವರ ಮುಂದೆ ಹೇಗೆ ನಿಲ್ಲಬೇಕು ಅನ್ನುವುದರ ತನಕ, ಮಗುವನ್ನು ಬೆಳೆಸಿ ಮನುಷ್ಯನನ್ನಾಗಿ ಮಾಡುವ ಇಡೀ ಕೆಲಸ.

‘ಸ್ಖೋಲೆ’ ಅಂದರೆ ಬಿಡುವು. ‘ಸ್ಕೂಲ್’ ಅನ್ನುವ ಪದ ಹುಟ್ಟಿದ್ದು ಇದರಿಂದ! ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಕೋಚಿಂಗ್‌ಗೆ ಓಡುವ ನಮ್ಮ ಮಕ್ಕಳ ಮುಂದೆ ಇದನ್ನು ಹೇಳದೆ ಇರುವುದೇ ವಾಸಿ.

ನಾಲ್ಕನೆಯದು ‘ಪೈದಗೋಗೋಸ್’. ಇವನು ಮೇಷ್ಟ್ರಲ್ಲ. ಯಜಮಾನನ ಮಗುವಿನ ಕೈ ಹಿಡಿದು ಮೇಷ್ಟ್ರ ಹತ್ತಿರ ಬಿಟ್ಟು, ಪಾಠ ಮುಗಿದ ಮೇಲೆ ವಾಪಸ್ ಕರೆದುಕೊಂಡು ಬರುವ ಮನೆಯ ಗುಲಾಮ. ದಾರಿಯಲ್ಲಿ ಕಾಯುವವನು, ತಪ್ಪಿದರೆ ಗದರಿಸುವವನು. ಇವನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಎಲೆ ಹಳದಿಯಾದರೆ ಏನು ಮಾಡುತ್ತೀರಿ?

ತೋಟದಲ್ಲಿ ಒಂದು ಅರೇಬಿಕಾ ಕಾಫಿ ಗಿಡದ ಎಲೆ ಹಳದಿಯಾಗಿದೆ ಅಂದುಕೊಳ್ಳಿ. ಒಬ್ಬ ಬಂದು ಗೊಬ್ಬರ ಸಾಲದು ಅನ್ನುತ್ತಾನೆ. ಇನ್ನೊಬ್ಬ ನೆರಳು ಜಾಸ್ತಿ, ಮರ ಕಪಾತು ಮಾಡಿಸಿ ಅನ್ನುತ್ತಾನೆ. ಮೂರನೆಯವನು ಬುಡದಲ್ಲಿ ನೀರು ನಿಂತಿದೆ, ಚರಂಡಿ ತೆಗೆಸಿ ಅನ್ನುತ್ತಾನೆ. ನಾಲ್ಕನೆಯವನು ಏನೂ ಮಾತಾಡದೆ ಬಗ್ಗಿ ಕಾಂಡವನ್ನು ಸವರುತ್ತಾನೆ. ತೊಗಟೆಯ ಮೇಲೆ ಉಬ್ಬಿದ ಗೆರೆ ಬೆರಳಿಗೆ ಸಿಕ್ಕಿತು ಅಂದರೆ ಒಂದೇ ಮಾತು: ಬೋರರ್. ಬಿಳಿ ಕಾಂಡಕೊರಕ ಒಳಗೆ ಕೂತಿದ್ದರೆ ಮೇಲಿನಿಂದ ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ.

ಶಿಕ್ಷಣದ ಬಗ್ಗೆ ಮಾತಾಡಿದ ಪ್ರತಿ ತತ್ವಜ್ಞಾನಿಯೂ ಈ ಗಿಡದ ಮುಂದೆ ನಿಂತವನೇ. ಏನು ಕಲಿಸಬೇಕು ಅಂತ ಹೇಳುವುದಕ್ಕೂ ಮುಂಚೆ, ಮನುಷ್ಯನಿಗೆ ಏನಾಗಿದೆ ಅನ್ನುವುದಕ್ಕೆ ಅವನು ಒಂದು ಉತ್ತರ ಇಟ್ಟುಕೊಂಡಿರುತ್ತಾನೆ. ಆ ಉತ್ತರ ಹಿಡಿದರೆ ಉಳಿದದ್ದನ್ನು ಉರು ಹೊಡೆಯಬೇಕಾಗಿಲ್ಲ, ತಾನಾಗಿಯೇ ಬರುತ್ತದೆ. ಅಕ್ಕನ ಮಗಳಿಗೂ ನಾನು ಹೇಳಿದ್ದು ಇಷ್ಟೇ.

ಫೀಸು ತಗೊಂಡವರು, ತಗೊಳ್ಳದವನು

ಕ್ರಿ.ಪೂ. 5ನೇ ಶತಮಾನದ ಅಥೆನ್ಸ್. ಊರಿನ ತೀರ್ಮಾನಗಳು ಸಭೆಯಲ್ಲಿ ಆಗುತ್ತಿದ್ದವು. ಚೆನ್ನಾಗಿ ಮಾತಾಡುವವನು ಗೆಲ್ಲುತ್ತಿದ್ದ. ಹಾಗಾಗಿ ಮಾತು ಕಲಿಸುವ ಮೇಷ್ಟ್ರುಗಳು ಊರೂರು ಸುತ್ತುತ್ತಿದ್ದರು, ಅವರೇ ಸೋಫಿಸ್ಟರು. ದೊಡ್ಡ ಫೀಸು. ಅವರಲ್ಲಿ ಹೆಸರಾದ ಪ್ರೊಟಾಗೊರಸ್ ಎಲ್ಲದಕ್ಕೂ ಮನುಷ್ಯನೇ ಅಳತೆಗೋಲು ಅಂದವನು. ಇವರ ಪ್ರಕಾರ ಮನುಷ್ಯನಿಗೆ ಕಾಯಿಲೆ ಏನೂ ಇಲ್ಲ, ಇರುವುದು ಕೌಶಲದ ಕೊರತೆ. ಕೋಚಿಂಗ್ ಕೊಟ್ಟರೆ ಮುಗಿಯಿತು.

ಸಾಕ್ರಟೀಸ್ ಫೀಸು ತಗೊಳ್ಳಲಿಲ್ಲ, ಪಾಠವನ್ನೂ ಮಾಡಲಿಲ್ಲ. ಬರೀ ಪ್ರಶ್ನೆ ಕೇಳುತ್ತಿದ್ದ. ಅವನ ತಾಯಿ ಸೂಲಗಿತ್ತಿ. ತಾನೂ ಅದೇ ಕೆಲಸ ಮಾಡುತ್ತೇನೆ, ಎದುರಿನವನ ಹೊಟ್ಟೆಯಲ್ಲಿರುವ ವಿಚಾರವನ್ನು ಹೆರಿಗೆ ಮಾಡಿಸುತ್ತೇನೆ ಅನ್ನುತ್ತಿದ್ದ. ಕ್ರಿ.ಪೂ. 399ರಲ್ಲಿ ಊರಿನವರು ಅವನಿಗೆ ವಿಷ ಕುಡಿಸಿದರು, ಯುವಕರನ್ನು ಕೆಡಿಸುತ್ತಾನೆ ಅನ್ನುವುದು ಒಂದು ಆರೋಪ. ಅವನ ಶಿಷ್ಯ ಪ್ಲೇಟೋ.

ಪ್ಲೇಟೋ: ಮುಖ ಆ ಕಡೆ ತಿರುಗಿದೆ

ಪ್ಲೇಟೋ ಸುಮಾರು ಕ್ರಿ.ಪೂ. 387ರಲ್ಲಿ ಅಥೆನ್ಸಿನ ಹೊರಗೆ ‘ಅಕಾಡೆಮಿ’ ಶುರುಮಾಡಿದ. ಇವತ್ತು ಬೀದಿಗೊಂದು ಅಕಾಡೆಮಿ ಇದೆಯಲ್ಲ, ಆ ಹೆಸರಿನ ಮೂಲ ಇದು. ‘ರಿಪಬ್ಲಿಕ್’ ಅನ್ನುವ ಪುಸ್ತಕದಲ್ಲಿ ಅವನು ಒಂದು ಗುಹೆಯ ಕಥೆ ಹೇಳುತ್ತಾನೆ. ಹುಟ್ಟಿದಾಗಿನಿಂದ ಗೋಡೆಗೆ ಮುಖ ಮಾಡಿ ಕಟ್ಟಿಹಾಕಿದ ಜನ. ಬೆನ್ನ ಹಿಂದೆ ಬೆಂಕಿ. ಗೋಡೆ ಮೇಲೆ ಓಡಾಡುವ ನೆರಳುಗಳನ್ನೇ ಅವರು ನಿಜ ಅಂದುಕೊಂಡಿದ್ದಾರೆ. ಒಬ್ಬನನ್ನು ಬಿಡಿಸಿ ಹೊರಗೆ ಎಳೆದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಸೂರ್ಯ ಕಾಣುತ್ತಾನೆ.

ಈ ಕಥೆಯಲ್ಲಿ ಶಿಕ್ಷಣ ಯಾವುದು? ಕುರುಡು ಕಣ್ಣಿಗೆ ದೃಷ್ಟಿ ಹಾಕುವುದಲ್ಲ, ಅಂತ ಪ್ಲೇಟೋ ಸ್ಪಷ್ಟವಾಗಿ ಹೇಳುತ್ತಾನೆ. ಕಣ್ಣು ಸರಿಯಾಗಿಯೇ ಇದೆ. ನೋಡುತ್ತಿರುವ ದಿಕ್ಕು ತಪ್ಪು. ಇಡೀ ಮನುಷ್ಯನನ್ನು ಬೆಳಕಿನ ಕಡೆ ತಿರುಗಿಸುವುದೇ ಶಿಕ್ಷಣ. ನೋಟ್ಸಿನಲ್ಲಿ ಬರುವ ‘ಆದರ್ಶವಾದ’ದ ತಿರುಳು ಇಷ್ಟು: ಕಣ್ಣಿಗೆ ಕಾಣುವ ವಸ್ತುಗಳಿಗಿಂತ ಅವುಗಳ ಹಿಂದಿನ ಬದಲಾಗದ ಸತ್ಯ ಜಾಸ್ತಿ ನಿಜ.

ಅವನ ಟೈಮ್‌ಟೇಬಲ್ ನೋಡಿದರೆ ನಮ್ಮ ಸಿಇಟಿ ಏನೂ ಅಲ್ಲ. ಮೊದಲು ಕಥೆ, ಹಾಡು, ವ್ಯಾಯಾಮ. 20ರಿಂದ 30 ವರ್ಷದ ತನಕ ಗಣಿತ. 30ರಿಂದ 35ರ ತನಕ ವಾದ ಮಾಡಿ ಸತ್ಯ ಹುಡುಕುವ ಅಭ್ಯಾಸ. ಆಮೇಲೆ 15 ವರ್ಷ ಊರಿನ ಕೆಲಸ. 50ಕ್ಕೆ ಆಳಲು ತಯಾರು. ಯೋಗ್ಯರಾದ ಹೆಣ್ಣುಮಕ್ಕಳಿಗೂ ಇದೇ ಶಿಕ್ಷಣ ಅಂದ, ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

‘ಮೆನೋ’ ಅನ್ನುವ ಅವನ ಇನ್ನೊಂದು ಸಂವಾದದಲ್ಲಿ ಸಾಕ್ರಟೀಸ್ ಒಂದು ಪ್ರಯೋಗ ಮಾಡುತ್ತಾನೆ. ಶಾಲೆಗೆ ಹೋಗದ ಒಬ್ಬ ಗುಲಾಮ ಹುಡುಗನನ್ನು ಕರೆದು ನೆಲದ ಮೇಲೆ ಚೌಕ ಬರೆಯುತ್ತಾನೆ. ಇದನ್ನು ಓದುವುದಕ್ಕಿಂತ ಮಾಡಿ ನೋಡೋಣ ಅಂತ, ಮಳೆ ಸ್ವಲ್ಪ ಬಿಟ್ಟ ಒಂದು ಮಧ್ಯಾಹ್ನ ನಾವಿಬ್ಬರೂ ಕಾಫಿ ಗೋದಾಮಿಗೆ ಹೋದೆವು. ಲೈನ್ ಮನೆಯ ಹುಡುಗ ಒಬ್ಬ ಅಲ್ಲೇ ಆಡುತ್ತಿದ್ದ. ಎಚ್.ಡಿ. ಕೋಟೆ ಕಡೆಯಿಂದ ಕೆಲಸಕ್ಕೆ ಬಂದವರ ಮಗ, ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಅಡಿ ಉದ್ದ, ಎರಡು ಅಡಿ ಅಗಲದ ಚೌಕ ಬರೆದೆ. ಒಳಗೆ ನಾಲ್ಕು ಚದರಡಿ ಜಾಗ. ಇದರ ಎರಡರಷ್ಟು ಜಾಗ ಇರುವ ಇನ್ನೊಂದು ಚೌಕ ಬರಿ ಅಂದೆ.

‘ಸುಲಭ ಅಂಕಲ್, ನಾಲ್ಕು ಅಡಿ’ ಅಂದ. ಮೆನೋದ ಹುಡುಗನೂ ಹೇಳಿದ್ದು ಇದೇ, ಸುಮಾರು ಎರಡು ಸಾವಿರದ ನಾನೂರು ವರ್ಷದ ಹಿಂದೆ. ಬರೆದು ಎಣಿಸು ಅಂದೆ. ಹದಿನಾರು ಬಂತು. ಮುಖ ಸಪ್ಪಗಾಯಿತು. ‘ಹಾಗಾದ್ರೆ ಮೂರು.’ ಎಣಿಸಿದ, ಒಂಬತ್ತು. ಬೇಕಾದದ್ದು ಎಂಟು! ಸುಮಾರು ಹೊತ್ತು ಸೀಮೆಸುಣ್ಣ ಹಿಡಿದು ಕೂತ. ಆಮೇಲೆ ನಾನು ಮೊದಲಿನ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದು, ಇದು ಚೌಕವನ್ನು ಏನು ಮಾಡಿತು ಅಂತ ಕೇಳಿದೆ. ಅರ್ಧ ಮಾಡಿತು ಅಂದ. ಅಂಥ ಎಷ್ಟು ಅರ್ಧ ಸೇರಿದರೆ ಎಂಟು? ಬೆರಳು ಮಡಿಸಿ ಲೆಕ್ಕ ಹಾಕಿದ, ನಾಲ್ಕು. ಮತ್ತೆ ಆ ಓರೆಗೆರೆಯ ಮೇಲೇ ಹೊಸ ಚೌಕ ಕಟ್ಟಿ, ಒಳಗಿನ ನಾಲ್ಕು ತ್ರಿಕೋನ ಎಣಿಸಿ, ಸೀದಾ ನಮ್ಮ ಮುಖ ನೋಡಿದ.

ಪ್ಲೇಟೋ ಇದರಿಂದ ತೆಗೆಯುವ ತೀರ್ಮಾನ ಹೀಗಿದೆ. ಹುಡುಗನಿಗೆ ಯಾರೂ ಉತ್ತರ ಹೇಳಲಿಲ್ಲ, ಆದರೂ ಬಂತು. ಹಾಗಾದರೆ ಅದು ಅವನ ಆತ್ಮದಲ್ಲಿ ಮೊದಲೇ ಇತ್ತು. ಹುಟ್ಟುವ ಮೊದಲೇ ಆತ್ಮ ಸತ್ಯವನ್ನು ಕಂಡಿದೆ, ದೇಹಕ್ಕೆ ಬಂದು ಮರೆತಿದೆ. ಕಲಿಯುವುದು ಅಂದರೆ ನೆನಪಿಸಿಕೊಳ್ಳುವುದು.

ಕ್ರೈಸ್ತರಿಗೆ ಇದರಲ್ಲಿ ಅರ್ಧ ಹಿಡಿಸಿತು, ಅರ್ಧ ಹಿಡಿಸಲಿಲ್ಲ. ಬದಲಾಗದ ಸತ್ಯ ಇದೆ, ಮನುಷ್ಯ ತಿರುಗಬೇಕು ಅನ್ನುವುದು ಸರಿ. ಪಶ್ಚಾತ್ತಾಪದ ಅರ್ಥವೂ ತಿರುಗುವುದೇ ಅಲ್ವಾ. ಆದರೆ ಆತ್ಮ ಮೊದಲೇ ಎಲ್ಲೋ ಇದ್ದು ದೇಹದ ಸೆರೆಗೆ ಬಿತ್ತು ಅನ್ನುವುದನ್ನು ಕ್ರೈಸ್ತ ಸಭೆ (ಚರ್ಚ್) ಒಪ್ಪಲಿಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾನೆ. ಸೃಷ್ಟಿಯನ್ನೆಲ್ಲ ನೋಡಿ ಬಹಳ ಚೆನ್ನಾಗಿದೆ ಅನ್ನುತ್ತಾನೆ. ಹಾಗಿದ್ದ ಮೇಲೆ ದೇಹ ಸೆರೆಮನೆ ಅಲ್ಲ, ಕೈಕೆಲಸ ಕೀಳಲ್ಲ.

ಅರಿಸ್ಟಾಟಲ್: ಮಾಡಿ ಮಾಡಿ ಬರಬೇಕು

ಅರಿಸ್ಟಾಟಲ್ (ಕ್ರಿ.ಪೂ. 384–322) ಪ್ಲೇಟೋನ ಹತ್ತಿರ 20 ವರ್ಷ ಇದ್ದವನು. ಆಮೇಲೆ ಹುಡುಗ ಅಲೆಕ್ಸಾಂಡರನಿಗೆ ಮೇಷ್ಟ್ರಾದ, ಕ್ರಿ.ಪೂ. 335ರಲ್ಲಿ ‘ಲೈಸಿಯಂ’ ಅನ್ನುವ ತನ್ನ ಶಾಲೆ ತೆರೆದ. ಗುರು ಆಕಾಶ ನೋಡಿದರೆ ಇವನು ನೆಲ ನೋಡುವವನು. ಮೀನು ಕೊಯ್ದು ನೋಡಿದ, ಮೊಟ್ಟೆಯೊಳಗೆ ಮರಿ ಬೆಳೆಯುವುದನ್ನು ದಿನದಿನ ನೋಡಿ ಬರೆದ. ‘ವಾಸ್ತವವಾದ’ ಅನ್ನುವ ಹೆಸರು ಇದಕ್ಕೇ. ಸತ್ಯ ಬೇರೆ ಲೋಕದಲ್ಲಿಲ್ಲ, ಈ ವಸ್ತುಗಳಲ್ಲೇ ಇದೆ. ಕಲಿಯುವ ಮುಂಚೆ ಬುದ್ಧಿ ಏನೂ ಬರೆಯದ ಹಲಗೆ ಇದ್ದ ಹಾಗೆ.

ಅವನ ದೊಡ್ಡ ಮಾತು ಅಭ್ಯಾಸದ್ದು. ಮನೆ ಕಟ್ಟಿ ಕಟ್ಟಿ ಮೇಸ್ತ್ರಿ ಆಗುತ್ತಾನೆ, ವಾದ್ಯ ನುಡಿಸಿ ನುಡಿಸಿ ವಾದ್ಯಗಾರ ಆಗುತ್ತಾನೆ. ಹಾಗೆಯೇ ನ್ಯಾಯದ ಕೆಲಸ ಮಾಡಿ ಮಾಡಿ ನ್ಯಾಯವಂತ, ಧೈರ್ಯದ ಕೆಲಸ ಮಾಡಿ ಮಾಡಿ ಧೈರ್ಯವಂತ. ಒಳ್ಳೆತನ ಭಾಷಣ ಕೇಳಿ ಬರುವುದಿಲ್ಲ. ಕಾಫಿ ಹಣ್ಣು ಕೊಯ್ಯುವುದನ್ನೇ ನೋಡಿ. ಕೆಂಪಾದದ್ದನ್ನು ಮಾತ್ರ ತೆಗೆಯಿರಿ ಅಂತ ಹೊಸಬರಿಗೆ ನೂರು ಸಲ ಹೇಳಿದರೂ ಬುಟ್ಟಿಯಲ್ಲಿ ಹಸಿರು ಕಾಯಿ ಇರುತ್ತದೆ. ಹಳಬರ ಬೆರಳು ತಾನಾಗಿಯೇ ಕಾಯಿ ಬಿಟ್ಟು ಹಣ್ಣಿಗೆ ಹೋಗುತ್ತದೆ. ಆ ಬೆರಳಿನ ಬುದ್ಧಿಯನ್ನು ಇಡೀ ನಡತೆಗೆ ತರುವುದೇ ಅರಿಸ್ಟಾಟಲನ ಶಿಕ್ಷಣ. ಇಷ್ಟಪಡಬೇಕಾದದ್ದನ್ನು ಇಷ್ಟಪಡುವುದು, ಬೇಸರ ಪಡಬೇಕಾದದ್ದಕ್ಕೆ ಬೇಸರ ಪಡುವುದು, ಇದನ್ನು ಚಿಕ್ಕಂದಿನಿಂದ ರೂಢಿ ಮಾಡಿಸಬೇಕು ಅನ್ನುತ್ತಾನೆ.

ಇದನ್ನೂ ಕ್ರೈಸ್ತರು ಸಂತೋಷವಾಗಿ ತಗೊಂಡರು. ದಿನದ ಪ್ರಾರ್ಥನೆ, ಉಪವಾಸ ಕಾಲದ ಉಪವಾಸ, ಎಲ್ಲ ಅಭ್ಯಾಸವೇ. ತೊಂದರೆ ಬಂದದ್ದು ಬೇರೆ ಕಡೆ. ಅರಿಸ್ಟಾಟಲ್ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂದ. ಕೈಕೆಲಸದವರಿಗೆ ಬಿಡುವಿಲ್ಲ, ಬಿಡುವಿಲ್ಲದವರಿಗೆ ಸದ್ಗುಣ ಬರುವುದಿಲ್ಲ, ಆದ್ದರಿಂದ ಉತ್ತಮ ರಾಜ್ಯ ಅವರನ್ನು ಪ್ರಜೆಗಳನ್ನಾಗಿ ಸೇರಿಸಿಕೊಳ್ಳುವುದಿಲ್ಲ ಅಂದ. ಈ ಲೆಕ್ಕದಲ್ಲಿ ನಜರೇತಿನ ಬಡಗಿ ಯೇಸುವಿಗೆ ಅಲ್ಲಿ ಜಾಗ ಇಲ್ಲ. ಊರೂರು ತಿರುಗಿ ಯೇಸುವಿನ ಸಂದೇಶ ಸಾರಿದ, ಗುಡಾರ ಹೊಲಿದು ಬದುಕಿದ ಪೌಲನಿಗೂ ಇಲ್ಲ.

ಮಂಟಪದವರು, ತೋಟದವರು

ಅರಿಸ್ಟಾಟಲ್ ಹೋದ ಮೇಲೆ ಎರಡು ಗುಂಪು ಮೇಲೆ ಬಂದವು. ಇವು ಬಿ.ಎಡ್. ನೋಟ್ಸಿನಲ್ಲಿ ಅಷ್ಟಾಗಿ ಬರುವುದಿಲ್ಲ, ನಾನೂ ಬೇಗ ಮುಗಿಸುತ್ತೇನೆ.

ಸ್ಟೋಯಿಕರು ಸುಮಾರು ಕ್ರಿ.ಪೂ. 300ರಲ್ಲಿ ಅಥೆನ್ಸಿನ ಚಿತ್ರಮಂಟಪದಲ್ಲಿ ಪಾಠ ಶುರುಮಾಡಿದ ಝೀನೋನ ಶಿಷ್ಯರು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಬೇರೆ ಮಾಡುವುದೇ ಅವರ ಪಾಠ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುವುದು ನಿಮ್ಮ ಕೈಯಲ್ಲಿಲ್ಲ. ಬರದಿದ್ದಾಗ ನೀವು ಹೇಗಿರುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಇವರಲ್ಲಿ ಎಪಿಕ್ಟೆಟಸ್ ಗುಲಾಮನಾಗಿ ಹುಟ್ಟಿದವನು, ಮಾರ್ಕಸ್ ಆರೇಲಿಯಸ್ ರೋಮಿನ ಚಕ್ರವರ್ತಿ. ಇಬ್ಬರಿಗೂ ಒಂದೇ ಪಾಠ ಒಪ್ಪಿತು ಅನ್ನುವುದು ದೊಡ್ಡ ವಿಷಯ.

ಎಪಿಕ್ಯೂರಸ್ (ಕ್ರಿ.ಪೂ. 341–270) ತನ್ನ ಶಾಲೆಯನ್ನು ಒಂದು ತೋಟದಲ್ಲಿ ನಡೆಸಿದ. ಹೆಂಗಸರು, ಗುಲಾಮರು ಎಲ್ಲರಿಗೂ ಪ್ರವೇಶ. ಮನುಷ್ಯನ ಕಾಯಿಲೆ ಭಯ: ದೇವರ ಭಯ, ಸಾವಿನ ಭಯ. ಅದು ಹೋದರೆ ನೆಮ್ಮದಿ. ದೊಡ್ಡ ದೊಡ್ಡ ಓದೆಲ್ಲ ಬಿಟ್ಟು ಓಡಿಹೋಗು ಅಂತ ಒಬ್ಬ ಹುಡುಗನಿಗೆ ಕಾಗದವನ್ನೇ ಬರೆದ. ನಮ್ಮ ಕೆಲವು ಮಕ್ಕಳಿಗೆ ಇವನೇ ಇಷ್ಟ ಆಗಬಹುದು.

ಬೈಬಲಿನಲ್ಲಿ ಈ ಎರಡು ಗುಂಪಿನ ಹೆಸರೂ ಇದೆ. ಪ್ರೇಷಿತರ ಕಾರ್ಯಕಲಾಪಗಳು, 17ನೇ ಅಧ್ಯಾಯ. ಪೌಲ ಅಥೆನ್ಸಿಗೆ ಹೋದಾಗ ವಾದಕ್ಕೆ ಬಂದವರು ಇವರೇ. ಪೌಲ ಅವರಿಗೆ ಯೆಹೂದ್ಯರ ಗ್ರಂಥದಿಂದ ಹೇಳದೆ, ‘ನಾವೂ ಆತನ ಸಂತಾನವೇ’ ಅನ್ನುವ ಅವರದ್ದೇ ಕವಿಯ ಸಾಲು ಹೇಳಿದ. ಅದು ಅರಾಟಸ್ ಅನ್ನುವ ಗ್ರೀಕ್ ಕವಿಯ ಮಾತು. ಎಲ್ಲ ಕೇಳುತ್ತಿದ್ದರು. ಸತ್ತ ಯೇಸು ಎದ್ದು ಬಂದ ಅಂದ ಕೂಡಲೇ ಕೆಲವರು ನಕ್ಕರು.

ಬೇಡ ಅಂದವರು, ಬೇಕು ಅಂದವರು

ಮುಂದಿನ ಮುನ್ನೂರು ವರ್ಷ ಕ್ರೈಸ್ತರ ಮನೆಯಲ್ಲೇ ಜಗಳ. ಈ ಗ್ರೀಕರ ಓದು ನಮಗೆ ಬೇಕಾ, ಬೇಡವಾ?

ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಕೇಳಿದ ಪ್ರಶ್ನೆ ಇವತ್ತಿಗೂ ಪ್ರಸಿದ್ಧ: ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ? ಆದರೆ ಅದೇ ತೆರ್ತುಲಿಯನ್, ಕ್ರೈಸ್ತ ಮಕ್ಕಳು ಆ ಶಾಲೆಗಳಲ್ಲಿ ಕಲಿಯಬಹುದು, ಕ್ರೈಸ್ತರು ಅಲ್ಲಿ ಮೇಷ್ಟ್ರು ಆಗುವುದು ಮಾತ್ರ ಬೇಡ ಅಂದ. ಮೇಷ್ಟ್ರಾದವನು ಗ್ರೀಕ್, ರೋಮನ್ ದೇವತೆಗಳ ಹಬ್ಬಗಳಲ್ಲೂ ಸೇರಬೇಕಾಗುತ್ತದೆ ಅನ್ನುವುದು ಅವನ ಅಳುಕು.

ಸುಮಾರು ಕ್ರಿ.ಶ. 165ರಲ್ಲಿ ಹುತಾತ್ಮನಾದ ಜಸ್ಟಿನ್‌ನದ್ದು ಬೇರೆ ದಾರಿ. ಸತ್ಯ ಹುಡುಕಿಕೊಂಡು ಮೊದಲು ಸ್ಟೋಯಿಕನ ಹತ್ತಿರ ಹೋದ, ಅವನು ದೇವರ ಬಗ್ಗೆ ಏನೂ ಹೇಳಲಿಲ್ಲ. ಅರಿಸ್ಟಾಟಲನ ಪಂಥದವನು ಮೊದಲು ಫೀಸು ಮಾತಾಡೋಣ ಅಂದ. ಪೈಥಾಗೊರಸನ ಪಂಥದವನು ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಅಂತ ವಾಪಸ್ ಕಳಿಸಿದ. ಪ್ಲೇಟೋನ ಪಂಥ ಹಿಡಿಸಿತು. ಕೊನೆಗೆ ಕ್ರೈಸ್ತನಾದ, ಆದರೂ ತತ್ವಜ್ಞಾನಿಯ ಮೇಲಂಗಿ ತೆಗೆಯಲೇ ಇಲ್ಲ. ಕ್ರಿಸ್ತ ಎಂಬ ದಿವ್ಯವಾಣಿಯ ಬೀಜ ಎಲ್ಲ ಜನರಲ್ಲೂ ಬಿದ್ದಿದೆ, ಸಾಕ್ರಟೀಸನಲ್ಲೂ ಬಿದ್ದಿತ್ತು ಅಂದ.

ಈಗ ಮಗುವಿನ ಕೈ ಹಿಡಿದು ಕರೆದೊಯ್ಯುವ ಆ ಗುಲಾಮನ, ಪೈದಗೋಗೋಸ್‌ನ ಸರದಿ. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲ, ಯೆಹೂದ್ಯರ ಧರ್ಮಶಾಸ್ತ್ರ ನಮಗೆ ಪೈದಗೋಗೋಸ್ ಆಗಿತ್ತು, ಕ್ರಿಸ್ತನ ಹತ್ತಿರ ತಂದು ಬಿಟ್ಟಿತು ಅನ್ನುತ್ತಾನೆ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಇದನ್ನೇ ಹಿಡಿದು, ಯೆಹೂದ್ಯರಿಗೆ ಧರ್ಮಶಾಸ್ತ್ರ ಹೇಗೋ ಗ್ರೀಕರಿಗೆ ತತ್ವಶಾಸ್ತ್ರ ಹಾಗೆ ಅಂದ. ತತ್ವಶಾಸ್ತ್ರ ಮೇಷ್ಟ್ರಲ್ಲ. ಮೇಷ್ಟ್ರ ಮನೆ ಬಾಗಿಲ ತನಕ ಕೈ ಹಿಡಿದು ತರುವವನು. ಅವನನ್ನು ಬೈಯಬೇಕಾಗಿಲ್ಲ, ಬಾಗಿಲಲ್ಲೇ ನಿಲ್ಲಬೇಕಾಗಿಯೂ ಇಲ್ಲ.

ಕೊಡಗಿನವರಿಗೆ ತಕ್ಷಣ ಹಿಡಿಸುವುದು ಕ್ರೈಸ್ತ ಬಿಷಪ್ ಬೆಸಿಲನ (ನಿಧನ 379) ಮಾತು. ಗ್ರೀಕ್ ಸಾಹಿತ್ಯ ಓದುವ ಹುಡುಗರಿಗೆ ಅವನು ಜೇನುಹುಳ ತೋರಿಸಿದ. ಜೇನು ಎಲ್ಲ ಹೂವಿಗೂ ಹೋಗುವುದಿಲ್ಲ. ಹೋದ ಹೂವನ್ನು ಇಡಿಯಾಗಿ ಹೊತ್ತು ತರುವುದೂ ಇಲ್ಲ. ಬೇಕಾದಷ್ಟು ತಗೊಂಡು ಉಳಿದದ್ದನ್ನು ಅಲ್ಲೇ ಬಿಡುತ್ತದೆ. ಓದುವುದು ಹಾಗೆ ಅಂದ.

ಬೇಕೋ ಬೇಡವೋ ಅನ್ನುವ ಜಗಳ ನಡೆಯುತ್ತಿರುವಾಗಲೇ ಒಂದು ತಮಾಷೆ ಆಯಿತು. 362ರಲ್ಲಿ ರೋಮಿನ ಜೂಲಿಯನ್ ಚಕ್ರವರ್ತಿ, ಹಳೆ ದೇವತೆಗಳನ್ನು ನಂಬದ ಕ್ರೈಸ್ತರು ಗ್ರೀಕ್ ಕವಿ ಹೋಮರ್‌ನ ಪಾಠ ಹೇಳಬಾರದು, ಬೇಕಿದ್ದರೆ ತಮ್ಮ ಚರ್ಚಿಗೆ ಹೋಗಿ ಶುಭಸಂದೇಶ ಬರೆದ ಮತ್ತಾಯ, ಲೂಕರನ್ನು ಓದಿಸಲಿ ಅಂತ ಆಜ್ಞೆ ಹೊರಡಿಸಿದ. ಕ್ರೈಸ್ತರಿಗೆ ಇದು ಖುಷಿಯ ಸುದ್ದಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ, ಸಿಟ್ಟು ಬಂತು. ಬೆಸಿಲನ ಗೆಳೆಯ ಗ್ರೆಗರಿ ಕಟುವಾಗಿ ಬರೆದ. ಕಿತ್ತುಕೊಂಡಾಗಲೇ ಅದು ತಮ್ಮದೂ ಹೌದು ಅಂತ ಗೊತ್ತಾದದ್ದು. ಮುಂದಿನ ವರ್ಷ ಜೂಲಿಯನ್ ಯುದ್ಧದಲ್ಲಿ ಸತ್ತ, ಆಜ್ಞೆ ಹೆಚ್ಚು ದಿನ ಉಳಿಯಲಿಲ್ಲ.

ಅಗಸ್ಟೀನ ಕದ್ದ ಹಣ್ಣು

ಅಕ್ಕನ ಮಗಳ ಪ್ರಶ್ನೆಗೆ ನೇರ ಉತ್ತರ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನ ಮಾಡುತ್ತೇನೆ.

ಸಂತ ಅಗಸ್ಟೀನ (354–430) ಇವತ್ತಿನ ಅಲ್ಜೀರಿಯಾದಲ್ಲಿ ಹುಟ್ಟಿದವನು. ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ಭಾಷಣಕಲೆ ಹೇಳಿಕೊಟ್ಟ ಮೇಷ್ಟ್ರು. ಹುಡುಗನಾಗಿದ್ದಾಗ ಶಾಲೆಯಲ್ಲಿ ಹೊಡೆತ ತಿಂದು, ಹೊಡೆಯದ ಹಾಗೆ ಮಾಡಪ್ಪಾ ಅಂತ ದೇವರನ್ನು ಬೇಡಿಕೊಂಡೆ, ದೊಡ್ಡವರು ನಕ್ಕರು ಅಂತ ತನ್ನ ‘ಕನ್ಫೆಷನ್ಸ್’ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಅದೇ ಪುಸ್ತಕದಲ್ಲಿ ಈ ಕಳ್ಳತನವೂ ಇದೆ. ಹದಿನಾರು ವರ್ಷದವನಾಗಿದ್ದಾಗ ಒಂದು ರಾತ್ರಿ ಗೆಳೆಯರ ಜೊತೆ ಸೇರಿ ಪಕ್ಕದವರ ಪೇರು (ಪಿಯರ್) ಮರವನ್ನು ಅಲ್ಲಾಡಿಸಿ ಹಣ್ಣೆಲ್ಲ ಹೊತ್ತುಕೊಂಡು ಹೋದ. ಹಸಿವಾಗಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆ ಹಣ್ಣಿತ್ತು. ಬಹುಪಾಲನ್ನು ಹಂದಿಗೆ ಎಸೆದರು. ತಪ್ಪು ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. ತಪ್ಪು ಅನ್ನುವುದಕ್ಕೇ ಅದು ರುಚಿಯಾಗಿತ್ತು ಅನ್ನುತ್ತಾನೆ. ನಾವೂ ಪಕ್ಕದ ತೋಟದ ಕಿತ್ತಳೆ ಕದ್ದವರೇ. ನಮ್ಮ ತೋಟದಲ್ಲೂ ಕಿತ್ತಳೆ ಇತ್ತು.

ಸಾಕ್ರಟೀಸನ ಪ್ರಕಾರ ಬೇಕು ಅಂತ ಯಾರೂ ಕೆಟ್ಟದ್ದು ಮಾಡುವುದಿಲ್ಲ, ಗೊತ್ತಿಲ್ಲದೆ ಮಾಡುತ್ತಾರೆ. ಪೇರು ಹಣ್ಣು ಈ ಲೆಕ್ಕಕ್ಕೆ ಸಿಗುವುದಿಲ್ಲ. ಗೊತ್ತಿದ್ದೂ ಮಾಡುವವರಿದ್ದಾರೆ ಅಂತ ಅರಿಸ್ಟಾಟಲನೂ ಗಮನಿಸಿದ್ದ, ಆ ಬಗ್ಗೆ ಉದ್ದಕ್ಕೆ ಬರೆದೂ ಇದ್ದ. ಪೌಲ ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಇದನ್ನು ತನ್ನದೇ ಗೋಳಾಗಿ ಹೇಳಿಕೊಳ್ಳುತ್ತಾನೆ: ಮಾಡಬೇಕು ಅನ್ನುವ ಒಳ್ಳೆಯದನ್ನು ಮಾಡುವುದಿಲ್ಲ, ಮಾಡಬಾರದು ಅನ್ನುವ ಕೆಟ್ಟದ್ದನ್ನೇ ಮಾಡುತ್ತೇನೆ.

ಅಗಸ್ಟೀನನ ರೋಗನಿರ್ಣಯ ಇದು. ತಪ್ಪಿರುವುದು ತಿಳಿವಳಿಕೆಯಲ್ಲಿ ಮಾತ್ರ ಅಲ್ಲ, ಪ್ರೀತಿಯಲ್ಲಿ. ಸಣ್ಣದನ್ನು ದೊಡ್ಡದಕ್ಕಿಂತ ಜಾಸ್ತಿ ಪ್ರೀತಿಸುತ್ತೇವೆ. ಗೊಬ್ಬರ ಬೇಕು, ಬಿಸಿಲು ಬೇಕು, ಚರಂಡಿಯೂ ಬೇಕು. ಆದರೆ ಹುಳ ಕಾಂಡದೊಳಗಿದೆ. ಅದನ್ನು ತೆಗೆಯುವುದು ಮೇಷ್ಟ್ರ ಕೈಯಲ್ಲಿಲ್ಲ, ಕಲಿಯುವವನ ಕೈಯಲ್ಲೂ ಇಲ್ಲ. ಕೃಪೆ ಅಂತ ಕ್ರೈಸ್ತರು ಹೇಳುವುದು ಈ ಜಾಗದಲ್ಲಿ. ತಿಳಿವಳಿಕೆಯ ಬದಲು ಕೃಪೆ ಅಂತಲ್ಲ.

ಪ್ಲೇಟೋನ ಪಂಥದವರ ಪುಸ್ತಕ ಓದಿದಾಗ ಏನಾಯಿತು ಅಂತಲೂ ಅವನು ಬರೆದಿದ್ದಾನೆ. ಆದಿಯಲ್ಲಿ ದಿವ್ಯವಾಣಿ ಇತ್ತು ಅನ್ನುವ ಅರ್ಥದ ಮಾತು ಅಲ್ಲಿ ಸಿಕ್ಕಿತು. ಆ ದಿವ್ಯವಾಣಿ ಮನುಷ್ಯನಾಯಿತು ಅನ್ನುವುದು ಸಿಗಲಿಲ್ಲ. ಎರಡರ ನಡುವಿನ ಅಂತರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಓದಿಲ್ಲ. ಪ್ಲೇಟೋನ ಗುಹೆಯಲ್ಲಿ ಮನುಷ್ಯ ಹೊರಗೆ ಹತ್ತಿ ಸೂರ್ಯನನ್ನು ನೋಡಬೇಕು. ಶುಭಸಂದೇಶದಲ್ಲಿ ಸೂರ್ಯನೇ ಗುಹೆಯೊಳಗೆ ಇಳಿದು ಬರುತ್ತಾನೆ.

ಯಾರ ಮಕ್ಕಳಿಗೆ?

ಆ ಗುಲಾಮ ಹುಡುಗನ ವಿಷಯಕ್ಕೆ ವಾಪಸ್ ಬರೋಣ. ಚೌಕದ ಲೆಕ್ಕ ಬಿಡಿಸಿದ ಮೇಲೆ ಅವನು ಏನಾದ? ಸಾಕ್ರಟೀಸ್ ಅವನ ಯಜಮಾನನ ಕಡೆ ತಿರುಗಿ ಮಾತು ಮುಂದುವರಿಸುತ್ತಾನೆ. ಹುಡುಗನ ಹೆಸರೂ ನಮಗೆ ಗೊತ್ತಾಗುವುದಿಲ್ಲ. ಅವನಲ್ಲೂ ಯಜಮಾನನಷ್ಟೇ ಬುದ್ಧಿ ಇದೆ ಅಂತ ತೋರಿಸಿದ ಪ್ರಯೋಗವೇ ಅವನನ್ನು ಅಲ್ಲೇ ಬಿಟ್ಟುಬಿಡುತ್ತದೆ.

ಮನುಷ್ಯ ದೇವರ ಹೋಲಿಕೆಯಲ್ಲಿ ಆದವನು ಅಂತ ಆದಿಕಾಂಡ ಹೇಳುವಾಗ ಯಾವ ಮನುಷ್ಯ ಅಂತ ಸೋಸುವುದಿಲ್ಲ, ಹೆಣ್ಣು ಗಂಡು ಇಬ್ಬರನ್ನೂ ಹೇಳುತ್ತದೆ. ಗಲಾತ್ಯರ ಪತ್ರ ಗುಲಾಮ, ಸ್ವತಂತ್ರ ಅನ್ನುವ ಭೇದ ಕ್ರಿಸ್ತನಲ್ಲಿ ಇಲ್ಲ ಅನ್ನುತ್ತದೆ. ಹಾಗಂತ ಕ್ರೈಸ್ತರು ತಕ್ಷಣ ಗುಲಾಮರನ್ನು ಬಿಟ್ಟರಾ? ಇಲ್ಲ. ಎಷ್ಟೋ ಶತಮಾನ ಅವರೂ ಇಟ್ಟುಕೊಂಡಿದ್ದರು, ಅರಿಸ್ಟಾಟಲನ ಮಾತನ್ನೇ ತಂದು ಸಮರ್ಥಿಸಿಕೊಂಡವರೂ ಇದ್ದಾರೆ. ಇದನ್ನು ಮುಚ್ಚಿಟ್ಟು ಬರೆದರೆ ಅದು ವಿವರಣೆ ಆಗುವುದಿಲ್ಲ.

ಆದರೆ ಆ ಮಾತು ಒಳಗೇ ಇದ್ದು ಕೆಲಸ ಮಾಡಿತು. ಅದರ ಒಂದು ಗುರುತು ನಮ್ಮ ಜಿಲ್ಲೆಯಲ್ಲೇ ಇದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದು, ಅಮ್ಮತ್ತಿ–ಸಿದ್ದಾಪುರ ಕಡೆಯ ಆನಂದಪುರದಲ್ಲಿ ಒಂದು ನೆಲೆ ಕಟ್ಟಿದ. ಅಲ್ಲಿ ಸೇರಿದವರು ಹೆಚ್ಚಾಗಿ ಹೊಲಗದ್ದೆಯ ಜೀತದಲ್ಲಿದ್ದವರು. ಅದೇ ದಾರಿಯಲ್ಲಿ ಇವತ್ತು ಕಾಫಿ ಲಾರಿಗಳು ಓಡಾಡುತ್ತವೆ. ಹೊಲದಲ್ಲಿ ದುಡಿಯುವವನಿಗೆ ಅಕ್ಷರ ಯಾಕೆ ಅನ್ನುವ ಪ್ರಶ್ನೆ ಅರಿಸ್ಟಾಟಲನ ಅಥೆನ್ಸಿನಲ್ಲೂ ಇತ್ತು, ನಮ್ಮಲ್ಲೂ ಇತ್ತು.

ಹಾಗಾದರೆ ಕಲಿಸಿದ್ದು ಯಾರು?

ಗೋದಾಮಿನಿಂದ ವಾಪಸ್ ಬರುವಾಗ ಅಕ್ಕನ ಮಗಳು ಕೇಳಿದ್ದು ಇದನ್ನೇ. ‘ಮಾವ, ಓರೆಗೆರೆ ಎಳೆದದ್ದು ನೀವು. ಮತ್ತೆ ಅವನೇ ಕಂಡುಹಿಡಿದ ಅಂತ ಹೇಗೆ ಹೇಳ್ತೀರಿ?’

ಅಗಸ್ಟೀನನೂ ತನ್ನ ಮಗನ ಜೊತೆ ಕೂತು ಇದೇ ಮಾತಾಡಿದ್ದ. ಮಗನ ಹೆಸರು ಅದೆಯೋದಾತುಸ್, ಬುದ್ಧಿವಂತ ಹುಡುಗ, ಹದಿಹರೆಯದಲ್ಲೇ ತೀರಿಕೊಂಡ. ಆ ಸಂವಾದ ‘ದೆ ಮಜಿಸ್ತ್ರೋ’ ಅನ್ನುವ ಪುಟ್ಟ ಪುಸ್ತಕವಾಗಿದೆ, ಅರ್ಥ ‘ಗುರುವಿನ ಬಗ್ಗೆ’. ಮೇಷ್ಟ್ರ ಮಾತು ಕೈಮರ ಇದ್ದ ಹಾಗೆ, ದಾರಿ ತೋರಿಸಬಹುದು ಅಷ್ಟೇ ಅನ್ನುತ್ತಾನೆ. ಹೇಳಿದ್ದು ನಿಜ ಅಂತ ಒಪ್ಪುವುದು ಕೇಳುವವನ ಒಳಗೆ ಆಗುವ ಕೆಲಸ. ಒಳಗೆ ಆ ಬೆಳಕು ಕೊಡುವ ಗುರು ಕ್ರಿಸ್ತ. ಪ್ಲೇಟೋನ ‘ಹಿಂದಿನ ಜನ್ಮದ ನೆನಪು’ ಇದ್ದ ಜಾಗದಲ್ಲಿ ಅಗಸ್ಟೀನ ಇಟ್ಟದ್ದು ಈಗ, ಇಲ್ಲೇ ಇರುವ ಗುರುವನ್ನು.

ಹಾಗಾದರೆ ಹೊರಗಿನ ಮೇಷ್ಟ್ರಿಗೆ ಏನು ಉಳಿಯಿತು? ಎಂಟುನೂರು ವರ್ಷದ ಮೇಲೆ ತೋಮಸ್ ಅಕ್ವಿನಾಸ್ (1225–1274) ಅರಿಸ್ಟಾಟಲನನ್ನು ಪಕ್ಕದಲ್ಲಿ ಇಟ್ಟುಕೊಂಡು ಇದಕ್ಕೆ ಉತ್ತರ ಕೊಟ್ಟ. ಮೇಷ್ಟ್ರು ಡಾಕ್ಟರ್ ಇದ್ದ ಹಾಗೆ. ಗಾಯ ಮಾಯುವುದು ದೇಹದ ಶಕ್ತಿಯಿಂದಲೇ. ಆದರೂ ಡಾಕ್ಟರ್ ಸುಮ್ನೆ ಕೂರುವುದಿಲ್ಲ, ತೊಳೆದು ಮದ್ದು ಹಚ್ಚಿ, ದೇಹ ತಾನೇ ಮಾಡುವ ಕೆಲಸಕ್ಕೆ ಕೈ ಜೋಡಿಸುತ್ತಾನೆ. ಹುಡುಗನ ಬುದ್ಧಿ ದೇವರು ಕೊಟ್ಟದ್ದು, ಉತ್ತರದ ತನಕ ನಡೆದದ್ದು ಆ ಬುದ್ಧಿ, ಓರೆಗೆರೆ ಎಳೆದದ್ದು ನಾನು. ಮೂರೂ ನಿಜ. ಕೃಪೆ ಸಹಜಗುಣವನ್ನು ಕೆಡಿಸುವುದಿಲ್ಲ, ಪೂರ್ತಿ ಮಾಡುತ್ತದೆ ಅನ್ನುವ ಅಕ್ವಿನಾಸನ ಹೆಸರಾಂತ ಮಾತಿಗೆ ಗೋದಾಮಿನ ನೆಲದಲ್ಲಿ ಸಿಗುವ ಅರ್ಥ ಇದು.

‘ಇದನ್ನ ಪರೀಕ್ಷೇಲಿ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?’ ಅಂದಳು. ಪ್ಲೇಟೋನ ಗುಹೆ, ಅರಿಸ್ಟಾಟಲನ ಅಭ್ಯಾಸ ಬರಿ, ಅಷ್ಟಕ್ಕೆ ಸಿಗುತ್ತದೆ ಅಂದೆ.

ಮಾರನೇ ದಿನ ಬೆಳಿಗ್ಗೆ ಗೋದಾಮಿನ ಬೀಗ ತೆಗೆಯಲು ಹೋದರೆ ಹುಡುಗ ಆಗಲೇ ಬಾಗಿಲಲ್ಲಿ ನಿಂತಿದ್ದ. ಶಾಲೆ ಚೀಲ ಹೆಗಲಲ್ಲಿ, ನಿನ್ನೆಯ ಸೀಮೆಸುಣ್ಣದ ಚೂರು ಕೈಯಲ್ಲಿ.

‘ಅಂಕಲ್, ಎರಡರಷ್ಟು ಆಯ್ತು. ಮೂರರಷ್ಟು ಜಾಗದ ಚೌಕ ಬರಿಬೇಕಾದ್ರೆ?’